ಚಾರ್ಲ್ಸ್ ಲೇನ್: ಮುಖ ಗೊತ್ತು, ಹೆಸರು ಗೊತ್ತಿಲ್ಲ ಎನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಹಾಲಿವುಡ್ ಸಿನಿಮಾ ನೋಡುವವರು ಒಂದಲ್ಲ ಒಂದು ಸಲ ಈ ಮನುಷ್ಯನನ್ನು ನೋಡಿಯೇ ಇರುತ್ತಾರೆ. ತೆಳ್ಳಗಿನ ಮೈ, ಕನ್ನಡಕ, ಹರಳೆಣ್ಣೆ ಕುಡಿದಂಥ ಮುಖ. ಬರುತ್ತಾರೆ, ಯಾರಿಗೋ ಗದರುತ್ತಾರೆ, ಹೋಗುತ್ತಾರೆ. ಅವರ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲ ಪರಿಚಯ

ಈ ಮುಖ ಎಲ್ಲೋ ನೋಡಿದ್ದೀನಿ. ಯಾರಿವರು?

ಅಮೆರಿಕದ ಪೋಷಕ ನಟ. ಹುಟ್ಟಿದ್ದು 1905ರ ಜನವರಿ 26ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತೀರಿಕೊಂಡಿದ್ದು 2007ರ ಜುಲೈ 9ರಂದು. ಅಂದರೆ 102 ವರ್ಷ ಬದುಕಿದ್ದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನೇ ನೆಲಸಮ ಮಾಡಿದ ಭೂಕಂಪ ಆಯಿತಲ್ಲ, ಆಗ ಅವರು ಇನ್ನೂ ಒಂದೂಕಾಲು ವರ್ಷದ ಕೂಸು. ಆ ಭೂಕಂಪ ಕಂಡು ಇಪ್ಪತ್ತೊಂದನೇ ಶತಮಾನದವರೆಗೂ ಉಳಿದ ಕೆಲವೇ ಜನರಲ್ಲಿ ಅವರೂ ಒಬ್ಬರು.

ಪಾತ್ರಗಳು ಯಾವುವು ಅಂದರೆ: ಹೋಟೆಲ್ ಗುಮಾಸ್ತ, ತೆರಿಗೆ ಅಧಿಕಾರಿ, ಬಾಡಿಗೆ ವಸೂಲಿ ಮಾಡುವವನು, ಪತ್ರಿಕೆ ವರದಿಗಾರ, ಬ್ಯಾಂಕಿನ ಸಾಹೇಬ, ವಕೀಲ, ಜಡ್ಜು. ನಾಯಕ ಏನು ಕೇಳಿದರೂ 'ಆಗೋದಿಲ್ಲ' ಅನ್ನುವವರ ಪಟ್ಟಿ ಅದು.

ಒಟ್ಟು ಎಷ್ಟು ಸಿನಿಮಾ ಮಾಡಿದ್ದಾರೆ?

250ಕ್ಕೂ ಜಾಸ್ತಿ. ಅದರ ಮೇಲೆ ನೂರಾರು ಟಿವಿ ಕಂತುಗಳು. ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ. ಅದಕ್ಕೆ ಕಾರಣ ಇದೆ. 1930ರ ದಶಕದ ಎಷ್ಟೋ ಸಿನಿಮಾಗಳಲ್ಲಿ ಅವರ ಹೆಸರೇ ಹಾಕಿಲ್ಲ. ಅಭಿಮಾನಿಗಳು ಹಳೆಯ ಪ್ರಿಂಟ್ ನೋಡಿ, ಮುಖ ಗುರುತಿಸಿ, ಒಂದೊಂದಾಗಿ ಸೇರಿಸುತ್ತಾ ಬಂದಿದ್ದಾರೆ.

ನಟ ಆಗೋಕೆ ಮೊದಲು ಇನ್ಷೂರೆನ್ಸ್ ಮಾರುತ್ತಿದ್ದರಂತೆ, ನಿಜವಾ?

ನಿಜ. ಅವರ ತಂದೆಯೂ ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಭೂಕಂಪದ ನಂತರ ನಗರವನ್ನು ಮತ್ತೆ ಕಟ್ಟುವಲ್ಲಿ ಅವರ ಪಾತ್ರವೂ ಇತ್ತು. ಮಗನೂ ಅದೇ ದಾರಿ ಹಿಡಿದ. ಇರ್ವಿಂಗ್ ಪಿಚೆಲ್ ಎಂಬ ನಟ, ಮುಂದೆ ನಿರ್ದೇಶಕರೂ ಆದವರು, 1929ರಲ್ಲಿ 'ನೀನು ನಟನೆ ಮಾಡು' ಅಂತ ಹುರಿದುಂಬಿಸಿದರು. ಲೇನ್ ಪ್ಯಾಸಡೀನಾ ಪ್ಲೇಹೌಸ್ ರಂಗಮಂದಿರಕ್ಕೆ ಸೇರಿ ನಾಟಕಗಳಲ್ಲಿ ಪಳಗಿದರು.

ಸಿನಿಮಾಕ್ಕೆ ಬಂದದ್ದು 1931ರ 'ಸ್ಮಾರ್ಟ್ ಮನಿ'ಯಲ್ಲಿ, ಹೋಟೆಲ್ ಗುಮಾಸ್ತನಾಗಿ. ಎಡ್ವರ್ಡ್ ಜಿ. ರಾಬಿನ್ಸನ್, ಜೇಮ್ಸ್ ಕ್ಯಾಗ್ನಿ ಇಬ್ಬರೂ ಇದ್ದ ಸಿನಿಮಾ. ಅಲ್ಲಿಂದ ಶುರುವಾದ ಮೇಜಿನ ಹಿಂದಿನ ಕೆಲಸ ಅರ್ಧ ಶತಮಾನ ನಡೆಯಿತು.

ಕೆಲವು ಕಡೆ ಚಾರ್ಲ್ಸ್ ಲೆವಿಸನ್ ಅಂತಿದೆ. ಇಬ್ಬರೂ ಒಬ್ಬರೇನಾ?

ಒಬ್ಬರೇ. ಮನೆತನದ ಹೆಸರು ಲೆವಿಸನ್. 1934ರಲ್ಲಿ ಹವರ್ಡ್ ಹಾಕ್ಸ್ ನಿರ್ದೇಶಿಸಿದ 'ಟ್ವೆಂಟಿಯತ್ ಸೆಂಚುರಿ'ಯಲ್ಲಿ ಇನ್ನೂ ಲೆವಿಸನ್ ಅಂತಲೇ ಇದೆ. ಆಮೇಲೆ ಲೇನ್ ಆದರು.

ಹುಡುಕುವವರು ಇನ್ನೊಂದು ವಿಷಯ ನೆನಪಿಡಿ. ಇದೇ ಹೆಸರಿನ ಇನ್ನೂ ಇಬ್ಬರಿದ್ದಾರೆ. ಒಬ್ಬರು ಮೂಕಿ ಕಾಲದ ನಟ, 1920ರ 'ಡಾ. ಜೆಕಿಲ್ ಅಂಡ್ ಮಿಸ್ಟರ್ ಹೈಡ್'ನಲ್ಲಿ ಇದ್ದವರು. ಇನ್ನೊಬ್ಬರು 1989ರಲ್ಲಿ 'ಸೈಡ್‌ವಾಕ್ ಸ್ಟೋರೀಸ್' ಎಂಬ ಕಪ್ಪು ಬಿಳುಪು ಸಿನಿಮಾ ಮಾಡಿದ ನಿರ್ದೇಶಕ. ಮೂವರ ಪಟ್ಟಿಯನ್ನೂ ಕಲಸಿಬಿಟ್ಟವರಿದ್ದಾರೆ.

ಮೊದಲು ಯಾವುದನ್ನು ನೋಡಲಿ?

'ಇಟ್ಸ್ ಎ ವಂಡರ್‌ಫುಲ್ ಲೈಫ್' (1946). ಅದರಲ್ಲಿ ಅವರಿರುವುದು ಒಂದೆರಡು ನಿಮಿಷ, ಆದರೆ ಅಷ್ಟರಲ್ಲೇ ಮನುಷ್ಯ ಏನು ಅಂತ ಗೊತ್ತಾಗುತ್ತದೆ. ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ನೋಡಬೇಕು ಅಂದರೆ 'ಯು ಕ್ಯಾಂಟ್ ಟೇಕ್ ಇಟ್ ವಿತ್ ಯು' (1938). ಹಾಡು, ಬಣ್ಣ ಬೇಕು ಅನ್ನುವವರಿಗೆ 'ದಿ ಮ್ಯೂಸಿಕ್ ಮ್ಯಾನ್' (1962). ಅದರಲ್ಲಿ ಊರಿನ ಪೊಲೀಸ್ ಪೇದೆ.

## ಕೆಲಸ, ದುಡ್ಡು, ಹೆಸರು

ಒಂದೇ ವರ್ಷದಲ್ಲಿ 23 ಸಿನಿಮಾ ಅಂತ ಓದಿದೆ. ಅದು ಹೇಗೆ ಸಾಧ್ಯ?

ಅದು 1933ರ ಲೆಕ್ಕ. ನಾಯಕನ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ನಂಬೋದು ಕಷ್ಟ. ಆದರೆ ಲೇನ್ ಅವರದ್ದು ದಿನದ ಲೆಕ್ಕದ ಕೆಲಸ. ದಿನಕ್ಕೆ 35 ಡಾಲರ್. ಬೆಳಿಗ್ಗೆ ಹೋಗುವುದು, ಕೊಟ್ಟ ಕೋಟು ಹಾಕಿಕೊಳ್ಳುವುದು, ಒಂದು ದೃಶ್ಯ ಮುಗಿಸುವುದು, ಇನ್ನೊಂದು ಸಿನಿಮಾಕ್ಕೆ ಹೋಗುವುದು. ಸ್ಟುಡಿಯೋಗಳು ಆಗ ವಾರ ವಾರ ಹೊಸ ಸಿನಿಮಾ ಬಿಡುಗಡೆ ಮಾಡಬೇಕಿತ್ತು, ಯಾಕೆಂದರೆ ಥಿಯೇಟರುಗಳೂ ಅವರವೇ. ಎಲ್ಲ ಕಥೆಯಲ್ಲೂ ಒಬ್ಬ ಗುಮಾಸ್ತನೋ ವರದಿಗಾರನೋ ಬೇಕೇ ಬೇಕು.

ಇದರಿಂದ ಒಂದು ತಮಾಷೆಯೂ ಆಗುತ್ತಿತ್ತು. ಸುಮ್ನೆ ಸಿನಿಮಾ ನೋಡಲು ಹೋಗಿ ಕೂತಿರುವಾಗ ಇದ್ದಕ್ಕಿದ್ದಂತೆ ಪರದೆ ಮೇಲೆ ತಮ್ಮದೇ ಮುಖ ಬಂದು ಅವರಿಗೇ ಆಶ್ಚರ್ಯ ಆಗುತ್ತಿತ್ತಂತೆ. ಆ ಸಿನಿಮಾದಲ್ಲಿ ತಾನಿದ್ದೇನೆ ಅನ್ನೋದೇ ಮರೆತುಹೋಗಿರುತ್ತಿತ್ತು.

ತೆರೆಯ ಮೇಲೆ ಹೆಸರೇ ಬರೋದಿಲ್ವಲ್ಲ, ಇದು ಅನ್ಯಾಯ ಅಲ್ವಾ?

ಇಂದಿನ ಕಣ್ಣಿಗೆ ಹೌದು. ಆಗಿನ ಪದ್ಧತಿಯೇ ಹಾಗಿತ್ತು. ಶುರುವಿನಲ್ಲೋ ಕೊನೆಯಲ್ಲೋ ಒಂದೇ ಒಂದು ಪಟ್ಟಿ, ಅದರಲ್ಲಿ ಹತ್ತು ಹನ್ನೆರಡು ಹೆಸರು. ಲೈಟ್ ಹಿಡಿದವರಿಂದ ಹಿಡಿದು ಊಟ ಬಡಿಸಿದವರವರೆಗೆ ಐದು ನಿಮಿಷ ಹೆಸರು ಓಡುವ ಕಾಲ ಇನ್ನೂ ಬಂದಿರಲಿಲ್ಲ.

ಆದರೆ ಇದನ್ನು ಕೇಳಿ ಲೇನ್ ಅವರನ್ನು 'ಪಾಪ' ಅನ್ನುವವರ ಜೊತೆ ನಾನಿಲ್ಲ. ಕೆಲಸಗಾರನ ಹಕ್ಕಿನ ವಿಷಯದಲ್ಲಿ ಅವರು ಕೈಕಟ್ಟಿ ಕೂತವರಲ್ಲ. 1933ರಲ್ಲಿ ಆರ್ಥಿಕ ಮುಗ್ಗಟ್ಟಿನ ನೆಪ ಹೇಳಿ ಸ್ಟುಡಿಯೋಗಳು ಸಂಬಳ ಕಡಿತ ಮಾಡಿದವು. ಅದೇ ವರ್ಷ ನಟರ ಸಂಘ, ಅಂದರೆ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್, ಹುಟ್ಟಿತು. ಲೇನ್ ಅದರ ಮೊದಮೊದಲ ಸದಸ್ಯರಲ್ಲಿ ಒಬ್ಬರು. ಆಗ ಸಂಘಕ್ಕೆ ಸೇರುವುದು ಧೈರ್ಯದ ಕೆಲಸ. ದಿನಗೂಲಿಯ ನಟನನ್ನು ನಾಳೆಯಿಂದ ಕರೆಯದೆ ಬಿಟ್ಟರೆ ಕೇಳುವವರು ಯಾರು? ಸ್ಟುಡಿಯೋಗಳು ಸಂಘಕ್ಕೆ ಮಾನ್ಯತೆ ಕೊಟ್ಟಿದ್ದು 1937ರಲ್ಲಿ.

ಪ್ರತಿ ಕ್ರಿಸ್‌ಮಸ್‌ಗೂ ಟಿವಿಯಲ್ಲಿ ಅವರ ಸಿನಿಮಾ ಬರುತ್ತೆ. ಅದಕ್ಕೆ ಅವರಿಗೆ ದುಡ್ಡು ಬರುತ್ತಿತ್ತಾ?

ಈ ಪ್ರಶ್ನೆ ಕೇಳುವವರು 'ಇಟ್ಸ್ ಎ ವಂಡರ್‌ಫುಲ್ ಲೈಫ್' ಬಗ್ಗೆಯೇ ಕೇಳುತ್ತಿರುತ್ತಾರೆ. ನಿಯಮದ ಪ್ರಕಾರ ಇಲ್ಲ.

ಅಮೆರಿಕದಲ್ಲಿ ಸಿನಿಮಾ ಟಿವಿಯಲ್ಲಿ ಮತ್ತೆ ಪ್ರಸಾರವಾದಾಗ ನಟರಿಗೆ ಪಾಲು ಕೊಡಬೇಕು ಎಂಬ ಒಪ್ಪಂದ ಆದದ್ದು 1960ರಲ್ಲಿ, ನಟರು ಮುಷ್ಕರ ಹೂಡಿದ ಮೇಲೆ. ಆಗ ಸಂಘದ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೀಗನ್. ಅದೇ ರೀಗನ್, ಮುಂದೆ ದೇಶದ ಅಧ್ಯಕ್ಷರಾದವರು. ಒಪ್ಪಂದದ ಪ್ರಕಾರ 1960ರ ನಂತರದ ಸಿನಿಮಾಗಳಿಗೆ ಪಾಲು. 1948ರಿಂದ 1960ರವರೆಗಿನ ಸಿನಿಮಾಗಳಿಗೆ ನಟರ ಕೈಗೆ ಏನೂ ಇಲ್ಲ, ಬದಲಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಒಂದು ಮೊತ್ತ. 1948ಕ್ಕಿಂತ ಹಿಂದಿನವಕ್ಕೆ ಸೊನ್ನೆ. ಲೇನ್ ಅವರ ಅತಿ ಹೆಚ್ಚು ಸಿನಿಮಾಗಳು ಬಿದ್ದಿರುವುದು ಈ ಸೊನ್ನೆಯ ಪಾಲಿಗೆ.

1974ರಲ್ಲಿ ಆ ಸಿನಿಮಾದ ಹಕ್ಕುಸ್ವಾಮ್ಯವನ್ನು ಯಾರೂ ನವೀಕರಿಸಲಿಲ್ಲ. ಟಿವಿ ಚಾನೆಲ್‌ಗಳಿಗೆ ಪುಕ್ಕಟೆ ಸಿಕ್ಕಿದ ಮಾಲು, ವರ್ಷ ವರ್ಷ ಹಾಕತೊಡಗಿದವು. ಬಿಡುಗಡೆ ಆದಾಗ ದುಡ್ಡು ಮಾಡದ ಸಿನಿಮಾ ಹಾಗೆ ಮನೆಮಾತಾಯಿತು. ಲೇನ್ ಅವರ ಮುಖ ಕೋಟ್ಯಂತರ ಮನೆ ತಲುಪಿದ್ದು ಈ ಮರೆವಿನಿಂದಲೇ.

ನಿಜ ಜೀವನದಲ್ಲೂ ಅಷ್ಟೇ ಸಿಡುಕನಾ?

ಇಲ್ಲವೇ ಇಲ್ಲ. ಜೊತೆಗೆ ಕೆಲಸ ಮಾಡಿದವರೆಲ್ಲ ಹೇಳುವುದು ಒಂದೇ: ನಗುಮೊಗದ, ಒಳ್ಳೆಯ ಮನುಷ್ಯ. 1931ರಲ್ಲಿ ಮದುವೆಯಾದ ಹೆಂಡತಿ ರೂತ್ ಜೊತೆ 2002ರಲ್ಲಿ ಆಕೆ ತೀರಿಕೊಳ್ಳುವವರೆಗೂ ಸಂಸಾರ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯಲ್ಲಿದ್ದರು.

ನೂರು ವರ್ಷ ಆದಮೇಲೂ ಕೆಲಸ ಕೇಳಿದರಂತೆ?

2005ರ ಟಿವಿ ಲ್ಯಾಂಡ್ ಪ್ರಶಸ್ತಿ ಸಮಾರಂಭದ ಮಾತು. ನೂರು ತುಂಬಿದ್ದಕ್ಕೆ ಸನ್ಮಾನ ಮಾಡಿದರು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರಿಗಾದರೂ ಬೇಕಿದ್ದರೆ ನಾನಿನ್ನೂ ಕೆಲಸಕ್ಕೆ ಸಿಗುತ್ತೇನೆ ಎಂದರು ಲೇನ್. ತಮಾಷೆಗೆ ಹೇಳಿದ್ದು ಸರಿ, ಆದರೆ ಪೂರ್ತಿ ತಮಾಷೆಯೂ ಅಲ್ಲ. 90ರ ವಯಸ್ಸಿನಲ್ಲಿ, 1995ರಲ್ಲಿ, ಡಿಸ್ನಿಯ 'ದಿ ಕಂಪ್ಯೂಟರ್ ವೋರ್ ಟೆನಿಸ್ ಶೂಸ್' ಟಿವಿ ಚಿತ್ರದಲ್ಲಿ ಪಾತ್ರ ಮಾಡಿದ್ದರು.

## ಟಿವಿ ದಿನಗಳು

ಸಿನಿಮಾ ಬಿಟ್ಟು ಟಿವಿಗೆ ಬಂದಿದ್ದು ಅವಕಾಶ ಕಡಿಮೆ ಆಗಿದ್ದಕ್ಕಾ?

ಸಿನಿಮಾ ಬಿಡಲಿಲ್ಲ, ಎರಡೂ ಮಾಡಿದರು. ಆದರೆ 1948ರಲ್ಲಿ ಸುಪ್ರೀಂ ಕೋರ್ಟ್ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟಿತು. ಅವು ತಮ್ಮ ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ವಾರ ವಾರ ಸಿನಿಮಾ ಸುರಿಯುವ ಕಾರ್ಖಾನೆ ನಿಧಾನವಾಯಿತು. ಅದೇ ಹೊತ್ತಿಗೆ ಟಿವಿ ಬಂತು.

ಅರ್ಧ ಗಂಟೆಯ ಹಾಸ್ಯ ಕಂತಿಗೆ ಲೇನ್ ಹೇಳಿ ಮಾಡಿಸಿದವರು. ಅಲ್ಲಿ ಪಾತ್ರವನ್ನು ಪರಿಚಯಿಸುತ್ತಾ ಕೂರಲು ಸಮಯ ಇಲ್ಲ. ಬಾಗಿಲು ತೆರೆದು ಒಳಗೆ ಬಂದ ಕೂಡಲೇ 'ಇವನಿಂದ ತೊಂದರೆ ಇದೆ' ಅಂತ ನೋಡುವವರಿಗೆ ಗೊತ್ತಾಗಬೇಕು. ಅವರ ಮುಖಕ್ಕೆ ಆ ಹೊತ್ತಿಗೆ ಇಪ್ಪತ್ತು ವರ್ಷದ ಪ್ರಚಾರ ಸಿಕ್ಕಿಬಿಟ್ಟಿತ್ತು.

'ಐ ಲವ್ ಲೂಸಿ'ಯಲ್ಲಿ ಒಂದೊಂದು ಸಲ ಒಂದೊಂದು ಪಾತ್ರ. ಯಾರೂ ಕೇಳಲಿಲ್ವಾ?

ಯಾರೂ ಕೇಳಲಿಲ್ಲ. ಆ ಹಾಸ್ಯ ಧಾರಾವಾಹಿಯ ನಾಯಕಿ ಲೂಸಿಲ್ ಬಾಲ್ ಜೊತೆ ಅವರಿಗೆ ಒಳ್ಳೆಯ ಸ್ನೇಹ. 1953ರ ಜನವರಿ 19ರಂದು ಪ್ರಸಾರವಾದ ಆಸ್ಪತ್ರೆಯ ಕಂತಿನಲ್ಲಿ ಹೆರಿಗೆ ವಾರ್ಡಿನ ಹೊರಗೆ ಕಾಯುವ ಅಪ್ಪಂದಿರಲ್ಲಿ ಒಬ್ಬರಾಗಿ ಲೇನ್ ಇದ್ದಾರೆ. ಅಮೆರಿಕದ ಟಿವಿ ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ ಕಂತುಗಳಲ್ಲಿ ಅದೂ ಒಂದು, ಯಾಕೆಂದರೆ ಅದೇ ದಿನ ಲೂಸಿಲ್ ಬಾಲ್‌ಗೆ ನಿಜವಾಗಿಯೂ ಗಂಡು ಮಗು ಹುಟ್ಟಿತು. ಮುಂದೆ ಅದೇ ಧಾರಾವಾಹಿಯಲ್ಲಿ ಮನೆ ಖರ್ಚಿಗೆ ಕಡಿವಾಣ ಹಾಕುವ ಲೆಕ್ಕಿಗನಾಗಿ ಬಂದರು, 1956ರಲ್ಲಿ ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತನಾಗಿ ಬಂದರು.

1962ರಲ್ಲಿ ಶುರುವಾದ 'ದಿ ಲೂಸಿ ಶೋ'ದಲ್ಲಿ ಬ್ಯಾಂಕಿನ ಬಾರ್ನ್ಸ್‌ಡಾಲ್ ಎಂಬ ಪಾತ್ರ. ಆ ಜಾಗಕ್ಕೆ ಮುಂದಿನ ವರ್ಷ ಗೇಲ್ ಗಾರ್ಡನ್ ಬೇರೆ ಪಾತ್ರವಾಗಿ ಬಂದರು.

ಹೋಮರ್ ಬೆಡ್ಲೋ ಅಂದರೆ ಯಾರು?

'ಪೆಟಿಕೋಟ್ ಜಂಕ್ಷನ್' ಧಾರಾವಾಹಿಯ ರೈಲ್ವೆ ಕಂಪನಿ ಉಪಾಧ್ಯಕ್ಷ. ಹೂಟರ್‌ವಿಲ್ ಎಂಬ ಹಳ್ಳಿಯ ಮುದಿ ಉಗಿಬಂಡಿಯನ್ನು ನಿಲ್ಲಿಸಬೇಕು ಅನ್ನುವುದೇ ಅವನ ಜೀವನದ ಗುರಿ. ಪ್ರತಿ ಸಲ ಬರುತ್ತಾನೆ, ಪ್ರತಿ ಸಲ ಸೋತು ಹೋಗುತ್ತಾನೆ. 1963ರಿಂದ 1968ರವರೆಗೆ ಆಗಾಗ ಬಂದ ಪಾತ್ರ ಇದು. ಅಮೆರಿಕದ ಒಂದು ತಲೆಮಾರಿಗೆ ಲೇನ್ ಅಂದರೆ ಬೆಡ್ಲೋ ಮಾತ್ರ.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ಒಂದು ನಿಮಿಷದ ಪಾತ್ರದಲ್ಲಿ ನಟನೆ ಅಂತ ಏನಿರುತ್ತೆ? ಬಂದು ಹೋಗೋದು ತಾನೇ?

ನನಗೆ ಈ ಪ್ರಶ್ನೆ ತುಂಬಾ ಇಷ್ಟ. ಉತ್ತರಕ್ಕೆ ಮತ್ತೆ 'ಇಟ್ಸ್ ಎ ವಂಡರ್‌ಫುಲ್ ಲೈಫ್'ಗೇ ಹೋಗಬೇಕು.

ಊರನ್ನೇ ನುಂಗಲು ಹೊರಟ ಸಾಹುಕಾರ ಪಾಟರ್. ಅವನ ಕಚೇರಿ. ಎದುರಿಗೆ ಅವನ ಬಾಡಿಗೆ ವಸೂಲಿಗಾರ, ಅಂದರೆ ಲೇನ್. ಮೊದಲೇ ಹೇಳಿಬಿಡುತ್ತಾನೆ, ನನಗೇನೂ ನಷ್ಟವಿಲ್ಲ, ನಾನು ಬರೀ ಬಾಡಿಗೆ ಎತ್ತುವವನು ಅಂತ. ಆಮೇಲೆ ವಿಷಯಕ್ಕೆ ಬರುತ್ತಾನೆ. ಹಿಂದೆ ನಾನು ಮೊಲ ಬೇಟೆ ಆಡುತ್ತಿದ್ದ ಬಯಲು ಇದು, ಈಗ ನೋಡಿ, ಜಾರ್ಜ್ ಬೇಲಿ ಕಟ್ಟಿಸಿಕೊಟ್ಟ ಚೆಂದದ ಮನೆಗಳು, ಅವುಗಳಲ್ಲಿರುವ ನೂರಕ್ಕೆ ತೊಂಬತ್ತು ಜನ ನಿಮಗೆ ಬಾಡಿಗೆ ಕೊಡುತ್ತಿದ್ದವರೇ. ಹೊರಗೆ ಹೋಗುವ ಮುಂಚೆ ಕಡ್ಡಿ ಮುರಿದಂತೆ ಒಂದು ಮಾತು: ಹೀಗೇ ಆದರೆ ಒಂದು ದಿನ ನಾನೂ ಜಾರ್ಜ್ ಬೇಲಿ ಹತ್ತಿರ ಕೆಲಸ ಕೇಳಿಕೊಂಡು ಹೋಗಬೇಕಾಗುತ್ತದೆ.

ಈ ದೃಶ್ಯ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. ನಾಯಕ ಜಾರ್ಜ್ ತನ್ನ ಬದುಕು ವ್ಯರ್ಥ ಅಂದುಕೊಂಡಿದ್ದಾನೆ. ಅವನು ಗೆಲ್ಲುತ್ತಿದ್ದಾನೆ ಅನ್ನುವುದನ್ನು ನಮಗೆ ಹೇಳಬೇಕು. ಅಮ್ಮನೋ ಹೆಂಡತಿಯೋ ಗೆಳೆಯನೋ ಹೇಳಿದರೆ ಅದು ಹೊಗಳಿಕೆ. ಶತ್ರುವಿನ ಲೆಕ್ಕಪುಸ್ತಕ ಹಿಡಿದವನು ಬೇಸರದಿಂದ ಹೇಳಿದರೆ ಅದು ಸಾಕ್ಷಿ. ಪಾಟರ್ ತಕ್ಷಣ ಜಾರ್ಜ್‌ನನ್ನು ಕರೆಸಿ ವರ್ಷಕ್ಕೆ 20,000 ಡಾಲರ್ ಸಂಬಳದ ಆಮಿಷ ಒಡ್ಡುತ್ತಾನೆ. ಕಥೆಯ ಆ ತಿರುವಿಗೆ ಕೀಲಿ ಕೊಟ್ಟವನು ಹೆಸರೂ ಹಾಕದ ಈ ವಸೂಲಿಗಾರ.

ಲೇನ್ ಅಲ್ಲಿ ಏನು ಮಾಡುವುದಿಲ್ಲ ಅನ್ನುವುದನ್ನೂ ಗಮನಿಸಿ. ಮಾತು ಎಳೆಯುವುದಿಲ್ಲ, ಜಾರ್ಜ್ ಮೇಲೆ ಪ್ರೀತಿ ಉಕ್ಕಿದಂತೆ ನಟಿಸುವುದಿಲ್ಲ. ಕೆಲಸದ ವರದಿ ಒಪ್ಪಿಸುವವನ ಹಾಗೆ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಾರೆ. ಸಿಕ್ಕಿದ ಒಂದೆರಡು ನಿಮಿಷದಲ್ಲಿ ಮಿಂಚಿಬಿಡಬೇಕು ಎಂಬ ಆಸೆ ಇದ್ದ ನಟನ ಕೈಯಲ್ಲಿ ಈ ದೃಶ್ಯ ಕೆಡುತ್ತಿತ್ತು.

'ಇಟ್ಸ್ ಎ ವಂಡರ್‌ಫುಲ್ ಲೈಫ್' ನಿರ್ದೇಶಕ ಫ್ರಾಂಕ್ ಕಾಪ್ರಾ ಇವರನ್ನೇ ಯಾಕೆ ಪದೇ ಪದೇ ಕರೀತಿದ್ದರು?

'ಮಿಸ್ಟರ್ ಡೀಡ್ಸ್ ಗೋಸ್ ಟು ಟೌನ್' (1936), 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' (1939), 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್' (1944) ಹೀಗೆ ಪಟ್ಟಿ ಉದ್ದ ಇದೆ. ಕಾಪ್ರಾ ಸಿನಿಮಾಗಳ ನಾಯಕರು ಒಳ್ಳೆಯವರು, ಸ್ವಲ್ಪ ಅತಿಯಾಗಿಯೇ ಒಳ್ಳೆಯವರು. ಅಂಥವರ ಎದುರು ಒಬ್ಬ ನೆಲದ ಮೇಲೆ ಕಾಲಿಟ್ಟ ಮನುಷ್ಯ ಬೇಕು. ಇಲ್ಲದಿದ್ದರೆ ಪಾಯಸಕ್ಕೆ ಸಕ್ಕರೆ ಜಾಸ್ತಿ ಆಗುತ್ತದೆ.

ಇನ್ನೊಂದು ಸಂಗತಿ ಹಲವರ ಕಣ್ಣಿಗೆ ಬಿದ್ದಿರುವುದಿಲ್ಲ. 1938ರ 'ಯು ಕ್ಯಾಂಟ್ ಟೇಕ್ ಇಟ್ ವಿತ್ ಯು'ನಲ್ಲಿ ಲೇನ್ ತೆರಿಗೆ ಅಧಿಕಾರಿ ಹೆಂಡರ್ಸನ್. ಎದುರಿಗೆ, ಜನ್ಮದಲ್ಲಿ ಆದಾಯ ತೆರಿಗೆ ಕಟ್ಟದ ಮುದ್ದಾದ ತಾತ. 'ತೆರಿಗೆ ಕಟ್ಟಿದರೆ ಸರ್ಕಾರ ನನಗೇನು ಕೊಡುತ್ತೆ?' ಅಂತ ತಾತ ಕೇಳುತ್ತಾ ಹೋದ ಹಾಗೆ ಅಧಿಕಾರಿಯ ಕಾನೂನು ಪುಸ್ತಕದ ಗತ್ತು ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಆ ತಾತನ ಪಾತ್ರ ಮಾಡಿದವರು ಲಯೊನೆಲ್ ಬ್ಯಾರಿಮೋರ್. ಎಂಟು ವರ್ಷದ ನಂತರ ಸಾಹುಕಾರ ಪಾಟರ್ ಆದವರೂ ಅದೇ ಬ್ಯಾರಿಮೋರ್! ಒಂದರಲ್ಲಿ ಬ್ಯಾರಿಮೋರ್ ಒಳ್ಳೆಯವರು, ಲೇನ್ ಕಿರಿಕಿರಿ. ಇನ್ನೊಂದರಲ್ಲಿ ಬ್ಯಾರಿಮೋರ್ ದುಷ್ಟ, ಲೇನ್ ಸತ್ಯ ಹೇಳುವವರು. ಎರಡರಲ್ಲೂ ಲೇನ್ ಅವರ ಮುಖಭಾವ ಹೆಚ್ಚುಕಡಿಮೆ ಒಂದೇ. ಎದುರಿಗಿರುವವರು ಬದಲಾದರು, ಅರ್ಥ ತಿರುಗಿತು. ಎರಡೂ ದೃಶ್ಯಗಳನ್ನು ಒಂದರ ಹಿಂದೆ ಒಂದು ನೋಡಿ.

ಯಾವಾಗಲೂ ಅದೇ ಥರದ ಪಾತ್ರ. ಅವರಿಗೇ ಬೇಜಾರಾಗಲಿಲ್ವಾ?

ಆಗಿತ್ತು, ಹೇಳಿಯೂ ಇದ್ದರು. 1981ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜೊತೆ ಮಾತಾಡುತ್ತಾ, ಒಂದು ಪಾತ್ರ ಚೆನ್ನಾಗಿ ಮಾಡಿದರೆ ಅದೇ ಅಚ್ಚಿಗೆ ಹಾಕಿಬಿಡುತ್ತಾರೆ, ಇದು ಮೂರ್ಖತನ, ಅನ್ಯಾಯ ಕೂಡ ಎಂದಿದ್ದರು. ಸ್ಟುಡಿಯೋಗೆ ಪಾತ್ರ ಹಂಚುವುದು ಸುಲಭವಾಯಿತು, ತಮಗೆ ಅವಕಾಶ ಸಿಗಲಿಲ್ಲ ಎಂಬುದು ಅವರ ದೂರು.

ದೂರು ನ್ಯಾಯವಾದದ್ದೇ. ಆದರೆ ಆ ಅಚ್ಚು ಬಂದದ್ದು ಎಲ್ಲಿಂದ ಅಂತಲೂ ನೋಡಬೇಕು. 1930ರ ದಶಕ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ, ಮನೆಗಳು ಹರಾಜಾದ ಕಾಲ. ಟಿಕೆಟ್ ಕೊಂಡು ಒಳಗೆ ಬಂದವನು ಅದೇ ಬೆಳಿಗ್ಗೆ ಯಾವುದೋ ಮೇಜಿನ ಮುಂದೆ ಕೈಮುಗಿದು ನಿಂತು ಬಂದಿರುತ್ತಿದ್ದ. ಆ ಮೇಜಿನ ಹಿಂದೆ ಕೂತ ಮುಖ ಪರದೆಯ ಮೇಲೆ ಪೇಚಿಗೆ ಸಿಕ್ಕಾಗ ಆಗುವ ಖುಷಿಯೇ ಬೇರೆ. ಲೇನ್ ಅವರ ಪಾತ್ರಗಳು ಖಳನಾಯಕರಲ್ಲ. ಖಳನಿಗೆ ದುರಾಸೆ ಇರುತ್ತದೆ. ಇವರಿಗೆ ಇರುವುದು ನಿಯಮ ಮಾತ್ರ.

ಸಿಡುಕನಲ್ಲದ ಒಂದಾದರೂ ಪಾತ್ರ ಇದೆಯಾ?

ಇದೆ, ಆದರೆ ಅಲ್ಲಿ ಮುಖ ಕಾಣುವುದಿಲ್ಲ. ಡಿಸ್ನಿಯ ಕಾರ್ಟೂನ್ ಚಿತ್ರ 'ದಿ ಅರಿಸ್ಟೊಕ್ಯಾಟ್ಸ್'ನಲ್ಲಿ (1970) ಮುದಿ ವಕೀಲ ಜಾರ್ಜ್ ಓಟ್‌ಕೂರ್ ಬರುತ್ತಾನಲ್ಲ, ಮೆಟ್ಟಿಲು ಹತ್ತಲು ಒದ್ದಾಡಿದರೂ ಉತ್ಸಾಹ ಬಿಡದವನು, ಆ ದನಿ ಲೇನ್ ಅವರದ್ದು. ಮುಖ ಅಡ್ಡ ಬರದೇ ಇದ್ದಾಗ ಯಾರೋ ಅವರಿಗೆ ನಗುವ ಪಾತ್ರ ಕೊಟ್ಟರು ನೋಡಿ! ಆ ತುಂಟತನ ಕೇಳಿದರೆ ನ್ಯೂಯಾರ್ಕ್ ಟೈಮ್ಸ್ ಮುಂದೆ ಹೇಳಿದ ದೂರು ಇನ್ನಷ್ಟು ಸರಿ ಅನ್ನಿಸುತ್ತದೆ.

ಇಷ್ಟು ಮಾಡಿದವರಿಗೆ ಆಸ್ಕರ್ ಯಾಕೆ ಇಲ್ಲ?

ಪೋಷಕ ನಟರಿಗೆ ಆಸ್ಕರ್ ಕೊಡಲು ಶುರುಮಾಡಿದ್ದು 1936ರ ಸಿನಿಮಾಗಳಿಂದ. ಮೊದಲ ಸಲ ಗೆದ್ದವರು ವಾಲ್ಟರ್ ಬ್ರೆನನ್. ಆದರೆ ಆ ಪ್ರಶಸ್ತಿಗೆ ಬೇಕಾಗುವ ಪಾತ್ರವೇ ಬೇರೆ. ಅದಕ್ಕೊಂದು ಕಥೆ ಇರಬೇಕು, ಒಂದು ಅಳು, ಒಂದು ಬದಲಾವಣೆ. ಗುಮಾಸ್ತ ಬದಲಾಗುವುದಿಲ್ಲ, ಬದಲಾಗಬಾರದು ಕೂಡ. ಅಳತೆಗೋಲೇ ಬೇರೆ ಆದಾಗ ಸಿಗಲಿಲ್ಲ ಅಂತ ಕೊರಗುವುದರಲ್ಲಿ ಅರ್ಥ ಇಲ್ಲ.

ಈಗ ಇಂಥ ನಟರು ಯಾಕೆ ಇಲ್ಲ?

ಇದ್ದಾರೆ. ನೂರಾರು ಸಿನಿಮಾ ಮಾತ್ರ ಇಲ್ಲ. ಈಗಿನ ಪೋಷಕ ನಟ ಪ್ರತಿ ಪಾತ್ರಕ್ಕೂ ಆಡಿಷನ್ ಕೊಟ್ಟು, ವಾರಗಟ್ಟಲೆ ಕಾದು, ಸಿಕ್ಕರೆ ಮಾಡಬೇಕು. ಸೋಮವಾರ ಒಂದು ಸೆಟ್, ಬುಧವಾರ ಇನ್ನೊಂದು ಸೆಟ್ ಅನ್ನುವ ದಿನಗೂಲಿ ಲೋಕ ಸ್ಟುಡಿಯೋ ವ್ಯವಸ್ಥೆಯ ಜೊತೆಗೇ ಹೋಯಿತು. ಆದರೆ ಹೆಸರು ಹಾಕುತ್ತಾರೆ, ಮರುಪ್ರಸಾರಕ್ಕೆ ಪಾಲು ಬರುತ್ತದೆ. 1933ರಲ್ಲಿ ಸಂಘಕ್ಕೆ ಸೇರಿದ ದಿನಗೂಲಿ ನಟರಿಗೆ ಇವೆರಡೂ ಇರಲಿಲ್ಲ.